ಮುಸುರಿ ಕಿಂಡಿ

ಮೊನ್ನೆ ಮಧ್ಯಾಹ್ನ ಪಾರ್ಸಲ್ಲಿನವನೊಬ್ಬ ಬಂದು ಗೇಟಿನ ಹೊರಗೆ ನಿಂತ. ಹಗಲು ಹೊತ್ತು ಈ ಮನೆಯಲ್ಲಿ ನಾನು, ಗೋಡೆಯ ಗಡಿಯಾರ, ಆಗಾಗ ಗುರುಗುಟ್ಟುವ ಫ್ರಿಜ್ಜು, ಇಷ್ಟೇ ಜನ. ಹೋಗಿ ಮಾತಾಡಬೇಕಾದವಳು ನಾನೇ.

“ಯಾರ ಹೆಸರಿಗಿ ಬಂದೈತಿ ಹೇಳ್ರಿ ಅಜ್ಜಿ, ಕೊಟ್ಟ ಹೋಗ್ತೀನಿ.”

“ನಮ್ಮ ಮೊಮ್ಮಗಂದಪಾ.”

“ಅದ ರೀ, ಮೊಮ್ಮಗನ ಹೆಸರೇನು?”

“ಶ್ರುತಿ ಅಂತ ಅದಾಳಲ್ಲ, ಅಕಿ ತಮ್ಮ.”

“ಶ್ರುತಿ ತಮ್ಮ ಅಂತ ಇದರ ಮ್ಯಾಲ ಬರದಿಲ್ರೀ ಯವ್ವಾ.”

ಅವನು ಸ್ವಲ್ಪ ಹೊತ್ತು ಕಾದ. ನನ್ನ ಮುಖ ನೋಡಿ, ಪಾಪ, ವಯಸ್ಸಾಗಿ ಮರೆವು ಬಂದಿದೆ ಎಂದುಕೊಂಡಿರಬೇಕು. ಡಬ್ಬಿಯನ್ನು ಮತ್ತೆ ಚೀಲಕ್ಕೆ ಹಾಕಿಕೊಂಡು ತೊರವಿಯ ಕಡೆಗೆ ಗಾಡಿ ತಿರುಗಿಸಿ ಹೋದ. ತಮ್ಮಾ, ಅದರಲ್ಲಿ ನಿನ್ನ ಆಟದ ಬೂಟು ಇದ್ದವು ಎಂಬುದು ಸಂಜೆಗೆ ತಿಳಿಯಿತು. ನೀನು ಸಾಲೆಯಿಂದ ಬಂದು ಕುಣಿದಾಡಿದೆ.

“ಅಜ್ಜಿ, ನನ್ನ ಹೆಸರ ನಿನಗ ಬರೂದಿಲ್ಲೇನು? ಹುಟ್ಟಿದಾಗಿಂದ ಒಮ್ಮಿನೂ ಕರದಿಲ್ಲ ನೀ. ಬರೇ ತಮ್ಮಾ, ಏ ತಮ್ಮಾ!”

ಶ್ರುತಿ ಬೇರೆ ಉಪ್ಪು ಸುರಿದಳು. “ನನ್ನ ಹೆಸರ ದಿನಕ್ಕ ನೂರ ಸಲ ಕರೀತಾಳ. ಅಂದ್ರ ಅಜ್ಜಿಗೆ ನಾ ಅಂದ್ರ ಪ್ರೀತಿ.”

ಮಕ್ಕಳೇ, ನನಗೆ ಮರೆವಿಲ್ಲ. ಬಾಯಿಂದ ಹೇಳಲಿಕ್ಕೆ ಬಾರದ್ದನ್ನು ಬರೆದಿಡೋಣ ಎಂದು ಕೂತಿದ್ದೇನೆ. ಬಬಲೇಶ್ವರದ ಕನ್ನಡ ಸಾಲೆಯಲ್ಲಿ ನಾಲ್ಕನೆಯ ಇಯತ್ತೆಯವರೆಗೆ ಕಲಿತ ಅಕ್ಷರ ನನ್ನವು, ಅಂದಗೇಡಿಯಾಗಿದ್ದರೆ ನಗಬೇಡಿ. ನನ್ನ ಕೈಗೆ ಬಾಯಿಯಷ್ಟು ನಾಚಿಕೆಯಿಲ್ಲ.

ನಿನ್ನ ಹೆಸರು ನಿನ್ನ ಅಜ್ಜನದು. ತೊಟ್ಟಿಲಿಗೆ ಹಾಕುವ ದಿನ ಅಜ್ಜನ ಹೆಸರನ್ನೇ ಇಡಬೇಕೆಂದು ಹಟ ಹಿಡಿದವಳು ನಾನೇ. ಆಮೇಲೆ ನಾನು ಕೂಸನ್ನು ಕರೆಯುವುದು ಹೇಗೆ ಎಂಬ ವಿಚಾರ ಆಗ ಹೊಳೆಯಲಿಲ್ಲ. ನಮ್ಮ ಕಾಲದಲ್ಲಿ ಗಂಡನ ಹೆಸರನ್ನು ಹೆಂಡತಿ ನಾಲಿಗೆಯ ಮೇಲೆ ತರುತ್ತಿರಲಿಲ್ಲ. ಯಾರಾದರೂ ಕೇಳಿದರೆ ಸುಳಿವು ಕೊಡುತ್ತಿದ್ದೆವು. ನಿನಗೂ ಸುಳಿವೇ ಕೊಡುತ್ತೇನೆ: ಶಿವನ ಗುಡಿಯಲ್ಲಿ ಲಿಂಗದ ಎದುರು ಕಾಲು ಮಡಚಿಕೊಂಡು ಕೂತಿರುತ್ತಾನಲ್ಲ, ಅವನ ಹೆಸರು. ನಮ್ಮ ಮನೆಯ ಹಿರಿಯ ಎತ್ತಿಗೂ ಅದೇ ಹೆಸರಿತ್ತು. ನನ್ನ ಬಾಳೇವೆಯ ಅರ್ಧ ಫಜೀತಿ ಅದರಿಂದಲೇ ಆದದ್ದು. ಉಳಿದರ್ಧ ಗಂಡನ ಮನೆಯನ್ನು ಕಟ್ಟಿದ ರೀತಿಯಿಂದ.

ಮನೆ ಟಿಕೋಟಾದ ಹೊಲಗಳ ನಡುವೆ ಇತ್ತು. ಕರಿಕಲ್ಲಿನ ಮನೆ. ದೂರದಿಂದ ನೋಡಿದರೆ, ಯಾರೋ ಸಣ್ಣದೊಂದು ಕೋಟೆ ಕಟ್ಟಲು ಹೊರಟು ನಡುವೆ ಊಟಕ್ಕೆ ಎದ್ದು ಹೋದಂತೆ ಕಾಣುತ್ತಿತ್ತು. ಹೊರಗೋಡೆಗೆ ಕಿಟಕಿ ಎಂಬುದೇ ಇಲ್ಲ. ಬೆಳಕು ಬೇಕಾದರೆ ಮಣ್ಣಿನ ಮಾಳಿಗೆಯಲ್ಲಿ ಬಿಟ್ಟ ಬೆಳಕಿಂಡಿಯಿಂದ ಬರಬೇಕು. ತಲೆಬಾಗಿಲಿನ ಬಲಕ್ಕೆ ಅರ್ಧ ಕಮಲ ಕೆತ್ತಿದ ಕಲ್ಲೊಂದು ತಲೆಕೆಳಗಾಗಿ ಕೂತಿತ್ತು. ಯಾವ ಬಿದ್ದ ಕಟ್ಟಡದಿಂದ ಯಾರು ಬಂಡಿಯಲ್ಲಿ ಹೇರಿ ತಂದರೋ. ಮನೆ ಆದಿಲಶಾಹಿ ಕಾಲದ್ದೆಂದು ಮಾವ ಎಲ್ಲರ ಮುಂದೆ ಹೇಳುತ್ತಿದ್ದರು. ಆದರೆ ಮಾವ ತಮ್ಮ ರುಮಾಲನ್ನೂ ಆದಿಲಶಾಹಿ ಕಾಲದ್ದೆನ್ನುತ್ತಿದ್ದರಾದ್ದರಿಂದ ನಾನು ಎರಡನ್ನೂ ನಂಬಿದಂತೆ ತಲೆಯಾಡಿಸುತ್ತಿದ್ದೆ.

ಅಷ್ಟು ದೊಡ್ಡ ಮನೆಗೆ ಬಾಗಿಲು ಒಂದೇ. ಮನುಷ್ಯರಿಗೂ ಅದೇ, ದನಗಳಿಗೂ ಅದೇ. ಎತ್ತುಗಳು ಕೊಂಬು ಓರೆ ಮಾಡಿ ಬರುತ್ತಿದ್ದವು, ನಾವು ತಲೆ ಬಗ್ಗಿಸಿ. ಇಂದಿಗೂ ಈ ಮನೆಯ ಎತ್ತರದ ಬಾಗಿಲಲ್ಲಿ ನಾನು ತಲೆ ಬಗ್ಗಿಸುವುದನ್ನು ನೋಡಿ ನೀವು ನಗುತ್ತೀರಿ. ನಾನೇನು ಮಾಡಲಿ, ಕುತ್ತಿಗೆ ಇನ್ನೂ ಆ ಮನೆಯಲ್ಲೇ ಇದೆ.

ಒಳಗೆ ಕಾಲಿಟ್ಟರೆ ಮೊದಲು ದನಗಳ ಅಂಕಣ. ಎರಡು ಕಂಬಗಳ ನಡುವಿನ ಜಾಗಕ್ಕೆ ಅಂಕಣ ಎನ್ನುತ್ತಾರೆ. ನಮ್ಮ ಕಡೆ ಮನೆಯ ದೊಡ್ಡಸ್ತಿಕೆಯನ್ನು ಅಳೆಯುವುದು ಅದರಲ್ಲೇ. ನಮ್ಮ ಮನೆಯಲ್ಲಿ ಹೆಚ್ಚಿನ ಅಂಕಣ ದನಗಳಿಗೆ, ಮಿಕ್ಕದ್ದರಲ್ಲಿ ನಾವು. ಅಲ್ಲಿಂದ ಸೊಂಟದೆತ್ತರದ ಕಟ್ಟೆ ಏರಿದರೆ ಪಡಸಾಲೆ. ನಾವು ಮೇಲೆ ಕೂತು ಉಣ್ಣುತ್ತಿದ್ದರೆ ಕೆಳಗೆ ಅವು ಮೇಯುತ್ತಿದ್ದವು. ಚಳಿಗಾಲದಲ್ಲಿ ಅವುಗಳ ಮೈಯ ಬಿಸಿ ಪಡಸಾಲೆಗೆ ಏರುತ್ತಿತ್ತು. ಪಡಸಾಲೆಯ ಹಿಂದೆ ಅಡಿಗೆಮನೆ. ದನಗಳ ಅಂಕಣ ಬದಿಯಿಂದ ಹಾಯ್ದು ಅಡಿಗೆಮನೆಯ ಗೋಡೆಯವರೆಗೂ ಹೋಗುತ್ತಿತ್ತು. ನನ್ನ ಕಥೆ ಇರುವುದು ಆ ಗೋಡೆಯಲ್ಲಿ. ಆದರೆ ಮೊದಲು ಬಾಗಿಲು ದಾಟಬೇಕಲ್ಲ.

ಎಪ್ಪತ್ತರ ದಶಕ ಆಗಷ್ಟೇ ಸುರುವಾಗಿತ್ತು. ಮದುವೆಯಾಗಿ ಸಂಜೆಯ ಹೊತ್ತಿಗೆ ಬಂಡಿ ಇಳಿದೆ. ಹೊಸ್ತಿಲ ಮೇಲೆ ಅಕ್ಕಿ ತುಂಬಿದ ಸೇರು ಇಟ್ಟಿದ್ದರು. ನಾದಿನಿ ಬಾಗಿಲಿಗೆ ಅಡ್ಡ ಕೈ ಚಾಚಿ ನಿಂತಳು. ಹೊಸ ಸೊಸೆ ಒಡಪಿನಲ್ಲಿ, ಎಂದರೆ ಪ್ರಾಸ ಕಟ್ಟಿದ ಎರಡು ಸಾಲಿನಲ್ಲಿ, ಗಂಡನ ಹೆಸರು ಹೇಳಬೇಕು, ಆಮೇಲೆ ಸೇರನ್ನು ಬಲಗಾಲಿನಿಂದ ಉರುಳಿಸಿ ಒಳಗೆ ಬರಬೇಕು. ಜೀವಮಾನದಲ್ಲಿ ಹೆಸರು ಹೇಳಲು ಪರವಾನಿಗೆ ಇರುವುದು ಒಡಪಿನಲ್ಲಿ ಮಾತ್ರ. ನನ್ನ ಗೆಳತಿ ಒಂದು ಒಡಪು ಕಲಿಸಿದ್ದಳು. ಬಂಡಿಯಲ್ಲಿ ಬಬಲೇಶ್ವರದಿಂದ ಅಲ್ಲಿಯವರೆಗೂ ಅದನ್ನೇ ಜಪಿಸಿಕೊಂಡು ಬಂದಿದ್ದೆ.

“ಹಿತ್ತಲದಾಗ ಹಚ್ಚೇನಿ ಮಲ್ಲಿಗಿ ಬಳ್ಳಿ...” ಎಂದೆ.

“ಹ್ಞಾಂ, ಮುಂದ?”

ಮುಂದೆ ಹೆಸರು. ನೆರೆದ ಹೆಂಗಸರೆಲ್ಲ ನನ್ನ ಬಾಯಿ ನೋಡುತ್ತಿದ್ದಾರೆ.

“ಏ ಯವ್ವಾ, ಬಳ್ಳಿ ಒಣಗಾಕತ್ತೈತಿ, ಲಗೂನ ಹೇಳ!” ಎಂದಳು ನಾದಿನಿ.

ಅಷ್ಟರಲ್ಲಿ ಹೊಲದಿಂದ ದನಗಳು ಬಂದವು. ಅವುಗಳಿಗೆ ನಮ್ಮ ಶಾಸ್ತ್ರ ಏನು ಗೊತ್ತು? ಮುಂದೆ ಬಂದ ಹಿರಿಯ ಎತ್ತು ನಾದಿನಿಯನ್ನು ಬದಿಗೆ ಸರಿಸಿ, ಸೇರನ್ನು ಗೊರಸಿನಿಂದ ಉರುಳಿಸಿ, ಒಳಗೆ ನಡೆಯಿತು. ಹಿಂದಿನ ದನಗಳ ನೂಕಿಗೆ ಸಿಕ್ಕು ನಾನೂ ಅದರ ಬಾಲದ ಹಿಂದೆಯೇ ಮನೆ ಸೇರಿದೆ. ನಾದಿನಿ ಗೋಡೆಗೆ ಒರಗಿಕೊಂಡು ಒಡಪನ್ನು ತಾನೇ ಮುಗಿಸಿದಳು.

“ಬಂದ್ರವ್ವಾ, ಬಂದ್ರು, ಬಾಗಿಲ ತಳ್ಳಿ!”

ಒಡಪಿನ ಎರಡನೆಯ ಸಾಲು ಇದ್ದದ್ದೇ ಹಾಗೆ, ‘ಬಂದಾರ ಬಾಗಿಲ ತಳ್ಳಿ’ ಎಂದು. ಅದು ಅವಳಿಗೆ ಹೇಗೆ ಗೊತ್ತಾಯಿತೋ. ಹೆಂಗಸರು ನಕ್ಕು ನಕ್ಕು ಕಣ್ಣೊರೆಸಿಕೊಂಡರು. ಅಂದಿನಿಂದ ಅತ್ತೆಗೆ ಸಿಟ್ಟು ಬಂದಾಗಲೆಲ್ಲ ಒಂದೇ ಮಾತು: “ಈ ಮನಿಗಿ ಸೇರ ಒದ್ದ ಬಂದದ್ದು ಎತ್ತು. ನೀ ಇನ್ನೂ ಹೊಸ್ತಲದಾಗ ಅದೀ.” ಅವರು ಚೇಷ್ಟೆಗೇ ಹೇಳುತ್ತಿದ್ದರೇನೋ. ನನಗೆ ಮಾತ್ರ ನಿಜವಾಗಿಯೂ ಹೊಸ್ತಿಲಲ್ಲೇ ನಿಂತಂತೆ ಅನ್ನಿಸುತ್ತಿತ್ತು. ಹೆಸರು ಹೇಳದೆ ಒಳಗೆ ಬಂದವಳು, ಯಾರೋ ಒಂದು ದಿನ ಹೊರಗೆ ಕರೆದು ನಿಲ್ಲಿಸಿ ಮತ್ತೆ ಕೇಳುತ್ತಾರೆ ಎಂಬ ಅಳುಕು.

ನಿನ್ನ ಅಜ್ಜನಿಗೂ ನನಗೂ ಮಾತು ಎಂಬುದೇ ಇರಲಿಲ್ಲ. ಜಗಳವಾಗಿ ಅಲ್ಲ. ಹಿರಿಯರೆದುರು ಗಂಡ ಹೆಂಡತಿ ಮಾತಾಡುವ ರೂಢಿಯಿರಲಿಲ್ಲ, ಮತ್ತು ಆ ಮನೆಯಲ್ಲಿ ಹಿರಿಯರು ಇಲ್ಲದ ಅಂಕಣವೇ ಇರಲಿಲ್ಲ. ರೊಟ್ಟಿ ಬಡಿಯುವಾಗ ನನ್ನ ಜೊತೆಗೆ ಇರುತ್ತಿದ್ದದ್ದು ಬೆಳಕಿಂಡಿಯಿಂದ ಬೀಳುವ ಬಿಸಿಲಿನ ತುಂಡು ಒಂದೇ. ಅದು ಒಲೆಯ ಹತ್ತಿರ ಸರಿದರೆ ಹೊಲಕ್ಕೆ ಬುತ್ತಿ ಕಟ್ಟುವ ಹೊತ್ತಾಯಿತೆಂದು ಅರ್ಥ. ಅದನ್ನು ನೋಡಿಕೊಂಡೇ ದಿನ ಕಳೆಯುತ್ತಿತ್ತು.

ಅಡಿಗೆಮನೆಗೂ ದನಗಳಿಗೂ ನಡುವಿನ ಗೋಡೆಯಲ್ಲಿ ಒಂದು ಕಿಂಡಿ ಇತ್ತು. ಬೇಳೆ ತೊಳೆದ ನೀರು, ಹಿಟ್ಟಿನ ಬೋಗುಣಿ ತೊಳೆದ ನೀರು, ಉಳಿದ ಅಂಬಲಿ ಎಲ್ಲ ಕೂಡಿದ್ದಕ್ಕೆ ಮುಸುರಿ ಎನ್ನುತ್ತಾರೆ. ಅದನ್ನು ಹೊತ್ತುಕೊಂಡು ಹೆಂಗಸರು ಸುತ್ತಿ ಹೋಗುವುದು ಬೇಡವೆಂದು, ಕಟ್ಟಿದವರು ಕಿಂಡಿಯ ತಳವನ್ನು ಆಚೆಗೆ ಇಳಿಜಾರು ಮಾಡಿ, ಕೆಳಗೆ ಕಲ್ಲಿನ ದೋಣಿ ಇಟ್ಟಿದ್ದರು. ಇಲ್ಲಿ ಸುರಿದರೆ ಅಲ್ಲಿ ಎತ್ತು ಕುಡಿಯುತ್ತಿತ್ತು. ಗೋಡೆ ಎಷ್ಟು ದಪ್ಪವೆಂದರೆ ನಿಮ್ಮಪ್ಪ ಕೂಸಿದ್ದಾಗ ಒಮ್ಮೆ ಆ ಕಿಂಡಿಯೊಳಗೇ ಮಲಗಿ ನಿದ್ದೆ ಹೋಗಿದ್ದ. ಅಷ್ಟು ದಪ್ಪದ ಆಚೆ ಕಾಣುವುದು ಎತ್ತಿನ ಒಂದು ಕಣ್ಣು, ಒಂದು ಕೊಂಬು, ಅದರ ಕೊರಳು ತುರಿಸುವ ನಿಮ್ಮ ಅಜ್ಜನ ಕೈ. ಮುಖ ಕಾಣುತ್ತಿರಲಿಲ್ಲ. ದನಿ ಮಾತ್ರ ಬಾವಿಯೊಳಗಿಂದ ಬಂದಂತೆ ತಣ್ಣಗೆ ಬರುತ್ತಿತ್ತು.

ಮೊದಲ ಸಲ ಆ ದನಿ ಕೇಳಿದಾಗ ನಾನು ಗಡಿಗೆ ಬಿಡುವುದೊಂದೇ ಬಾಕಿ.

“ಏನಪಾ ದೋಸ್ತಾ,” ಎಂದು ಅವರು ಎತ್ತಿಗೆ ಹೇಳುತ್ತಿದ್ದರು, “ಇವತ್ತ ಪುಂಡಿಪಲ್ಲೆ ಭಾಳ ಚಲೋ ಆಗಿತ್ತಲ್ಲ. ಆದ್ರ ಖಾರಾ ಸ್ವಲ್ಪ ಕಡಿಮಿ ಆದ್ರ ನಮ್ಮಂಥಾ ಬಡಪಾಯಿ ಬದುಕತಾವ.”

ಎತ್ತು ಪುಂಡಿಪಲ್ಲೆ ತಿಂದಿರಲಿಲ್ಲ. ಮರುದಿನ ಖಾರ ಕಡಿಮೆ ಹಾಕಿದೆ. ಅದರ ಮರುದಿನ ಧೈರ್ಯ ಮಾಡಿ, ಮುಸುರಿ ಸುರಿಯುತ್ತ ನಾನೂ ಎತ್ತಿಗೇ ಹೇಳಿದೆ. “ಹೊಲಕ್ಕ ಹೋಗಾಗ ತಲಿಗೆ ಏನರೆ ಸುತ್ತಿಕೊಂಡ ಹೋಗಬೇಕು. ಬಿಸಲ ಭಾಳ ಐತಿ.” ಆ ದಿನ ಅವರು ಟವೆಲ್ಲು ಸುತ್ತಿಕೊಂಡು ಹೋದರು. ಎತ್ತು ಬರಿತಲೆಯಲ್ಲೇ ಹೋಯಿತು.

ನಮ್ಮ ಸಂಸಾರ ಸುರುವಾದದ್ದು ಹಾಗೆ. ಕಿಂಡಿಯ ಒಳ ಅಂಚಿನ ಕಲ್ಲಿನಲ್ಲಿ ಅಂಗೈಯಗಲದ ಎರಡು ನುಣುಪು ತಗ್ಗುಗಳಿದ್ದವು. ಮುಸುರಿ ಗಡಿಗೆ ಇಟ್ಟಿಟ್ಟು ಸವೆದಿರಬೇಕೆಂದು ತಿಳಿದಿದ್ದೆ. ಒಂದು ದಿನ ಮಾತು ಕೇಳುತ್ತ ಅಲ್ಲಿ ಮೊಳಕೈ ಊರಿದೆ. ಅಳತೆ ಕೊಟ್ಟು ಮಾಡಿಸಿದಂತೆ ಕೂತವು. ನನಗಿಂತ ಮುಂಚೆ ಆ ಒಲೆಯ ಮುಂದೆ ಕೂತವರೆಲ್ಲ ಎತ್ತಿಗೆ ಏನೇನು ಹೇಳಿದ್ದರೋ.

ಒಂದು ತೊಡಕಿತ್ತು. ಎತ್ತಿನ ಹೆಸರು ಅವರದೇ ಹೆಸರು. ಆದ್ದರಿಂದ ಎತ್ತನ್ನೂ ನಾನು ಹೆಸರು ಹಿಡಿದು ಕರೆಯುವಂತಿಲ್ಲ. ಮರ್ಯಾದೆಯ ಮಾತಿನಲ್ಲೇ ಹೇಳುತ್ತಿದ್ದೆ. ಒಮ್ಮೆ ಅತ್ತೆ ಹೊರಗಿನಿಂದ ಬಂದಾಗ, “ಅವರು ಯಾಕೋ ಮುಂಜಾನಿಂದ ಮುಸುರಿನೇ ಮುಟ್ಟಿಲ್ರೀ ಅತ್ತಿ” ಎಂದುಬಿಟ್ಟೆ. ಅತ್ತೆ ಎದೆಗೆ ಕೈ ಇಟ್ಟುಕೊಂಡರು. “ಅಯ್ಯ ನನ್ನ ಶಿವನ! ನನ್ನ ಮಗಗ ಮುಸುರಿ ಇಡತಿಯೇನು ಬೇ?”

ಇನ್ನೊಂದು ಸಲ ನಿಮ್ಮ ಅಜ್ಜ ಎತ್ತಿಗೆ, “ತಯಾರಾಗಪಾ, ನಾಳಿ ಬಬಲೇಶ್ವರಕ್ಕ ಹೋಗೂಣು” ಎಂದರು. ಬಬಲೇಶ್ವರ ಎಂದರೆ ನನ್ನ ತವರು. ನನಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಮುಂಜಾನೆ ಎದ್ದು ಹೆರಳು ಹಾಕಿಕೊಂಡು, ಸೀರೆಯ ಗಂಟು ಕಟ್ಟಿಕೊಂಡು, ಪಡಸಾಲೆಯ ಅಂಚಿಗೆ ಕೂತೆ. ಅವರು ಎತ್ತನ್ನು ಬಿಚ್ಚಿಕೊಂಡು ನನ್ನ ಮುಂದೆಯೇ ಹೊರಟುಹೋದರು.

“ಎಲ್ಲಿಗ್ಯವ್ವಾ ಸವಾರಿ?” ಎಂದರು ಅತ್ತೆ.

“ಬಬಲೇಶ್ವರಕ್ಕ... ಹೋಗೂಣು ಅಂದಿದ್ರು...”

“ಅಂವ ಎತ್ತಿಗಿ ಲಾಳಾ ಬಡಸಾಕ ಹೊಂಟಾನ. ನಿನಗೂ ಬಡಸಬೇಕೇನು?”

ಗಂಟು ಬಿಚ್ಚಿಟ್ಟು ಒಲೆ ಹಚ್ಚಿದೆ. ಹೊಗೆಯಿಂದ ಕಣ್ಣಲ್ಲಿ ನೀರು ಬರುವುದು ಆ ಅಡಿಗೆಮನೆಯ ಒಂದು ಉಪಕಾರ. ಯಾರೂ ಕಾರಣ ಕೇಳುತ್ತಿರಲಿಲ್ಲ. ಸಂಜೆ ಕಿಂಡಿಯ ಆಚೆಯಿಂದ ದನಿ ಬಂತು. “ದೋಸ್ತಾ, ಇವತ್ತ ನನ್ನಿಂದ ದೊಡ್ಡ ತಪ್ಪಾತು. ಸಂತಿ ದಿನಾ ಬಂಡಿ ಹೂಡೂಣು. ಈ ಸಲ ನಿನಗಲ್ಲ ಹೇಳಿದ್ದು.” ಸಂತೆಯ ದಿನ ಅವರು ನನ್ನನ್ನು ನಿಜವಾಗಿಯೂ ತವರಿಗೆ ಬಿಟ್ಟು ಬಂದರು. ದಾರಿಯುದ್ದಕ್ಕೂ ನಾವಿಬ್ಬರೂ ಒಂದು ಮಾತೂ ಆಡಲಿಲ್ಲ. ಬಯಲಿನಲ್ಲಿ ಹೇಗೆ ಮಾತಾಡುವುದೆಂದು ನಮಗೆ ಗೊತ್ತಿರಲಿಲ್ಲ.

ಆಗಾಗ ಅವರು ಎತ್ತಿಗೆ ಇನ್ನೊಂದು ಮಾತು ಹೇಳುತ್ತಿದ್ದರು. “ಊರ ಮಂದಿ ಎಲ್ಲಾ ನಿನ್ನ ಹೆಸರ ಹಿಡದ ಕರೀತಾರ. ಒಳಗಿನವರ ಬಾಯಾಗ ಹೆಂಗ ಕೇಳಸ್ತೈತೋ ಏನೋ. ಒಡಪಂತೂ ಅರ್ಧಕ್ಕ ನಿಂತೈತಿ.” ನಾನು ಗಡಿಗೆ ತೊಳೆಯುವ ಸದ್ದು ಜಾಸ್ತಿ ಮಾಡುತ್ತಿದ್ದೆ.

ಹೀಗೆ ವರ್ಷಗಳು ಹೋದವು. ನಿಮ್ಮಪ್ಪ ಹುಟ್ಟಿದ, ಅಡ್ಡಾಡತೊಡಗಿದ. ಆಗ ನನ್ನ ಮೈದುನನಿಗೆ ಬಿಜಾಪುರದ ಹೆಣ್ಣು ಗೊತ್ತಾಯಿತು. ವಿಜಯಪುರಕ್ಕೆ ಆಗ ಹಾಗೇ ಅನ್ನುತ್ತಿದ್ದೆವು. ಗಾಂಧಿ ಚೌಕದಲ್ಲಿ ಅರಿವೆ ಅಂಗಡಿ ಇದ್ದವರು. ಹೆಣ್ಣಿನ ತಾಯಿ ಮನೆ ನೋಡಲು ಬಂದು, ಪಡಸಾಲೆಯ ಅಂಚಿಗೆ ಬೆನ್ನು ಮಾಡಿ ಕೂತು, ಚಹಾ ಕುಡಿಯುತ್ತ ಮಾತಾಡುತ್ತಿದ್ದರು. ಕೆಳಗಿದ್ದ ಹಿರಿಯ ಎತ್ತಿಗೆ ಅವರ ತುರುಬಿನ ಮಲ್ಲಿಗೆ ದಂಡೆ ಕಂಡಿತು. ನಾಲಿಗೆ ಚಾಚಿತು. ದಂಡೆಯ ಜೊತೆ ಒಂದು ಚೌರಿಯೂ ಹೋಯಿತು.

“ಹಿಂಗ ದನದ ಬಾಯಾಗ ಕುಂತ ನಮ್ಮ ಹುಡುಗಿ ಬಾಳೇ ಮಾಡೂದಿಲ್ರಿ,” ಎಂದು ಅವರು ಎದ್ದರು.

ಮೈದುನ ಮೂರು ಹೊತ್ತು ಉಣ್ಣಲಿಲ್ಲ. ಮಾವ ಸೋತರು. ಹಿತ್ತಲಲ್ಲಿ ದನಗಳಿಗೆ ಪತ್ರಾಸು ತಗಡಿನ ಸಪ್ಪರ ಹಾಕುವುದು, ದನಗಳ ಅಂಕಣಕ್ಕೆ ಫರಸಿ ಕಲ್ಲು ಹಾಸಿ ಕೋಣೆ ಮಾಡುವುದು, ಕಿಂಡಿಗೆ ಕಲ್ಲು ಇಡುವುದು ಎಂದು ನಿಶ್ಚಯವಾಯಿತು. ಮನೆಯವರೆಲ್ಲ ಸಂತೋಷಪಟ್ಟರು. ಸೊಳ್ಳೆ ಕಡಿಮೆಯಾಗುತ್ತವೆ, ವಾಸನೆ ಹೋಗುತ್ತದೆ, ಎಲ್ಲ ಸರಿ. ಕಿಂಡಿಯೊಂದನ್ನು ಬಿಡಿರಿ ಎಂದು ಹೇಳಲು ನನ್ನ ಬಳಿ ಯಾವ ಕಾರಣವಿತ್ತು? ಆಚೆ ಎತ್ತೇ ಇರದಿದ್ದ ಮೇಲೆ ಮುಸುರಿ ಯಾರಿಗೆ?

ಕಲ್ಲಿಡುವ ದಿನ ಮಧ್ಯಾಹ್ನ ಟಿಕೋಟಾದ ಗೌಂಡಿ ಮೌಲಾಸಾಬ ಕರಣಿ ಹಿಡಿದು ಅಡಿಗೆಮನೆಗೆ ಬಂದರು. ಎತ್ತನ್ನು ಆಗಲೇ ಹಿತ್ತಲಿಗೆ ಹೊಡೆಯಬೇಕು. ಅತ್ತೆ ನನ್ನ ಮುಖವನ್ನೊಮ್ಮೆ ನೋಡಿದರು, ಕಿಂಡಿಯನ್ನೊಮ್ಮೆ.

“ಮೌಲಾಸಾಬ, ಮೊದ್ಲ ಚಾ ಕುಡಿ ಬಾರಪಾ.”

“ಈಗ ಕುಡದೇನ್ರೀ ಅವ್ವಾರ. ಗಾರೆ ಒಣಗತೈತ್ರಿ.”

“ಒಣಗಿದ್ರ ಮತ್ತ ಕಲಸು. ಈ ಮನಿ ಕಟ್ಟಾಕ ಹಿಂದಿನವ್ರು ಏನ ಅವಸರಾ ಮಾಡಿಲ್ಲ. ಬಾ ಪಡಸಾಲಿಗೆ.” ಅವರನ್ನು ಎಬ್ಬಿಸಿಕೊಂಡು ಹೋಗಿ, ಅಲ್ಲಿಂದಲೇ ಮಾವನಿಗೂ ಮೈದುನನಿಗೂ ಕೇಳುವಂತೆ ಏನೋ ಜೋರಾಗಿ ಮಾತು ತೆಗೆದರು.

ಆಚೆ ಹಗ್ಗ ಬಿಚ್ಚುವ ಸದ್ದು.

“ನಡಿಯಪಾ ದೋಸ್ತಾ. ನಾಳಿಂದ ನೀ ಪತ್ರಾಸಿನ ಬುಡಕ, ನಾ ಪಡಸಾಲಿ ಮ್ಯಾಲ. ಒಳಗಿನ ದನಿ ಇನ್ನ ಇಬ್ಬರಿಗೂ ಸಿಗೂದಿಲ್ಲ.” ಕೈ ಎತ್ತಿನ ಕೊರಳು ತುರಿಸಿತು. “ಒಮ್ಮಿ ಆದ್ರೂ ಕೇಳೂನಂದಿದ್ದೆ. ಇರಲಿ.”

ಆ ‘ಇರಲಿ’ಯನ್ನು ನನ್ನಿಂದ ತಡೆಯಲಾಗಲಿಲ್ಲ. ಎರಡೂ ಮೊಳಕೈಗಳನ್ನು ತಗ್ಗಿನಲ್ಲಿ ಊರಿ, ಕಣ್ಣು ಮುಚ್ಚಿಕೊಂಡೆ.

“ಹಿತ್ತಲದಾಗ ಹಚ್ಚೇನಿ ಮಲ್ಲಿಗಿ ಬಳ್ಳಿ,” ಎಂದೆ. ಆಮೇಲೆ ಹೆಸರು ಹೇಳಿದೆ. “ಬಂದಾರ ಬಾಗಿಲ ತಳ್ಳಿ.”

ಕಣ್ಣು ತೆರೆದೆ. ಕಿಂಡಿಯ ಆಚೆ ತುದಿಯಲ್ಲಿ ಎರಡು ಮುಖ. ಒಂದು ಎತ್ತಿನದು. ಅದರ ಕೆನ್ನೆಗೆ ಕೆನ್ನೆ ಹಚ್ಚಿ ಬಗ್ಗಿ ನೋಡುತ್ತಿದ್ದದ್ದು ಅವರದು. ಇಷ್ಟು ವರ್ಷದಲ್ಲಿ ಆ ಕಿಂಡಿಯಲ್ಲಿ ಅವರ ಮುಖ ಪೂರ್ತಿ ಕಂಡದ್ದು ಅದೇ ಮೊದಲು. ಎತ್ತು ಕಿವಿ ಅಲ್ಲಾಡಿಸಿತು. ಅವರು, “ಓ” ಎಂದರು.

ಅಷ್ಟೇ. ಕರೆದರೆ ಓ ಎನ್ನುತ್ತಾರಲ್ಲ, ಹಾಗೆ. ಎತ್ತಿಗಲ್ಲ, ನನಗೆ.

ಚಹಾ ಮುಗಿಸಿ ಮೌಲಾಸಾಬ ಬಂದು ಕಲ್ಲಿಟ್ಟರು. ಅತ್ತೆ ನಿಂತು ನೋಡುತ್ತಿದ್ದರು. “ಒಳಗಿನ ಅಂಚ ಅಷ್ಟ ಹಂಗ ಬಿಡಪಾ, ಉಪ್ಪಿನ ಗಡಿಗಿ ಇಡಾಕ ಆಗ್ತೈತಿ,” ಎಂದರು. ಅಲ್ಲಿ ಅವರು ಎಂದೂ ಉಪ್ಪಿನ ಗಡಿಗೆ ಇಡಲಿಲ್ಲ, ನನಗೂ ಇಡಗೊಡಲಿಲ್ಲ. ಗೌಂಡಿ ಹೋದ ಮೇಲೆ ನನ್ನ ಬಳಿ ಬಂದು ಮೆಲ್ಲಗೆ ಕೇಳಿದರು.

“ಹೇಳಿದೇನು?”

“ಹ್ಞೂಂ ರೀ ಅತ್ತಿ.”

“ಹಂಗಾರ ಇವತ್ತ ಮನಿಯೊಳಗ ಬಂದಿ ನೋಡು.”

ಮೈದುನನ ಮದುವೆಯಾಯಿತು. ಫರಸಿ ಹಾಸಿದ ಕೋಣೆಯಲ್ಲಿ ಹೊಸ ಸೊಸೆ ಗಂಡನ ಜೊತೆ ನಗುತ್ತ ಮಾತಾಡುವುದು ಪಡಸಾಲೆಗೆಲ್ಲ ಕೇಳುತ್ತಿತ್ತು. ಕಾಲ ಬದಲಾಗಿತ್ತು. ನಾವಿಬ್ಬರೂ ಮಾತಾಡಬಹುದಿತ್ತು, ಯಾರೂ ಬೇಡ ಅನ್ನುತ್ತಿರಲಿಲ್ಲ. ಆದರೆ ನಮಗೆ ಗೋಡೆಯಿಲ್ಲದೆ ಮಾತು ಬರುತ್ತಿರಲಿಲ್ಲ. ಅವರು ನಿಮ್ಮಪ್ಪನನ್ನು ನಡುವೆ ಕೂರಿಸಿಕೊಂಡು, “ನಿಮ್ಮವ್ವಗ ಹೇಳು, ರೊಟ್ಟಿ ಸಾಕಂತ” ಎನ್ನುತ್ತಿದ್ದರು. ಅವನು ಆಡಲಿಕ್ಕೆ ಓಡಿಹೋದರೆ ಮಾತೂ ಅವನ ಹಿಂದೆ ಓಡಿಹೋಗುತ್ತಿತ್ತು. ಆ ದಶಕ ಮುಗಿಯುವುದರೊಳಗೆ ಒಂದು ಜ್ವರದಲ್ಲಿ ಅವರು ಹೋದರು. ಆಮೇಲೂ ಎಷ್ಟೋ ದಿನ ನಾನು ಮುಸುರಿ ಗಡಿಗೆ ಹಿಡಿದು, ಅಭ್ಯಾಸದಿಂದ, ಮುಚ್ಚಿದ ಕಿಂಡಿಯ ಮುಂದೆ ಹೋಗಿ ನಿಲ್ಲುತ್ತಿದ್ದೆ. ಆಮೇಲೆ ನೆನಪಾಗಿ ಹಿತ್ತಲಿಗೆ ಸುತ್ತಿ ಹೋಗುತ್ತಿದ್ದೆ. ಎತ್ತು ನನ್ನ ಹಿಂದೆ ಯಾರಾದರೂ ಬರುತ್ತಾರೇನೋ ಎಂದು ನೋಡುತ್ತಿತ್ತು.

ಇಷ್ಟು ಬರೆದು ಮಡಚಿಟ್ಟಿದ್ದೆ. ನಿನ್ನೆ ಮುಂಜಾನೆ ನೀನು ನೀರಿನ ಬಾಟಲಿ ಮರೆತು ಸಾಲೆಯ ಬಸ್ಸಿಗೆ ಓಡುತ್ತಿದ್ದೆ. ನಾನು ಗೇಟಿಗೆ ಬಂದು, “ಏ ತಮ್ಮಾ” ಎಂದು ಕೂಗಿದೆ. ಓಣಿಯ ತುಂಬ ತಮ್ಮಂದಿರು, ನೀನು ತಿರುಗಲಿಲ್ಲ. ಇನ್ನೊಮ್ಮೆ ಕೂಗಿದೆ. ಬಸ್ಸು ಹಾರ್ನು ಹೊಡೆಯಿತು. ಆಗ ಹೆಸರು ಬಾಯಿಂದ ತಾನಾಗಿಯೇ ಹೊರಬಿತ್ತು, ಒಡಪಿನ ಹಂಗೂ ಇಲ್ಲದೆ.

ನೀನು ಗಕ್ಕನೆ ನಿಂತು, ತಿರುಗಿ, “ಓ” ಎಂದೆ. ಬಂದು ಬಾಟಲಿ ಇಸಿದುಕೊಂಡು, ಹಲ್ಲು ಕಿರಿದು ಓಡಿದೆ.

ಬಸ್ಸು ಹೋದ ಮೇಲೂ ನಾನು ಕಂಪೌಂಡಿನ ಗೋಡೆಗೆ ಮೊಳಕೈ ಊರಿಕೊಂಡು ನಿಂತಿದ್ದೆ. ಆ ಹೆಸರಿಗೆ ಕಿಂಡಿಯಲ್ಲಿ ಎರಡು ಮುಖ ಒಟ್ಟಿಗೆ ತಿರುಗಿದ್ದನ್ನು ಕಂಡವಳು ನಾನು. ಇನ್ನೊಂದಕ್ಕೆ ಸ್ವಲ್ಪ ಹೊತ್ತು ಕಾದೆ.